ಮಧ್ಯಯುಗದ ಕೊನೆಯ ಯುರೋಪು: ಕ್ಷಾಮ, ಪ್ಲೇಗು, ಯುದ್ಧ

ಕ್ರಿ.ಶ. 1315ರ ಅತಿವೃಷ್ಟಿಯಿಂದ, ನೂರು ವರ್ಷಗಳ ಯುದ್ಧವನ್ನು ಮುಗಿಸಿದ 1453ರ ಕಾಸ್ತಿಲಾನ್ ಕದನದವರೆಗಿನ ಸುಮಾರು ನೂರನಲವತ್ತು ವರ್ಷಗಳಲ್ಲಿ ಪಶ್ಚಿಮ ಯುರೋಪು ಒಂದರ ಬೆನ್ನಿಗೊಂದು ಬಂದ ಕ್ಷಾಮ, ಮಹಾಮಾರಿ ಮತ್ತು ದೀರ್ಘಯುದ್ಧಗಳಿಗೆ ಸಿಲುಕಿ ತನ್ನ ಜನಸಂಖ್ಯೆಯ ಬಹುಭಾಗವನ್ನು ಕಳೆದುಕೊಂಡಿತು. ಈ ಅವಧಿಯನ್ನು ಇತಿಹಾಸಕಾರರು ‘ಮಧ್ಯಯುಗದ ಉತ್ತರಾರ್ಧದ ಬಿಕ್ಕಟ್ಟು’ ಎಂದು ಕರೆಯುತ್ತಾರೆ. ಮೂರು ವಿಪತ್ತುಗಳನ್ನು ಒಂದೇ ಉಸಿರಿನಲ್ಲಿ ಹೇಳುವುದು ರೂಢಿಯಾದರೂ ಅವುಗಳ ಸ್ವಭಾವ ಒಂದೇ ಅಲ್ಲ. ಕ್ಷಾಮವೂ ಪ್ಲೇಗೂ ಎರಗಿ, ಕೊಂದು, ಕೆಲಕಾಲ ಹಿಂದೆ ಸರಿಯುತ್ತಿದ್ದವು. ಆದರೆ ಯುದ್ಧವೂ ಯುದ್ಧಕ್ಕಾಗಿ ಎತ್ತಿದ ತೆರಿಗೆಯೂ ಹಾಗೆ ಸರಿಯಲಿಲ್ಲ. ಒಂದೆರಡು ತಲೆಮಾರುಗಳಲ್ಲಿ ತುಂಬಿಬರಬಹುದಾಗಿದ್ದ ನಷ್ಟವು, ಅದರಲ್ಲೂ ಫ್ರಾನ್ಸಿನಲ್ಲಿ, ಒಂದು ಶತಮಾನಕ್ಕೂ ಮೀರಿ ಉಳಿದುದಕ್ಕೆ ಮುಖ್ಯ ಕಾರಣವನ್ನು ಇಲ್ಲಿಯೇ ಹುಡುಕಬೇಕಾಗುತ್ತದೆ.

ಹಿನ್ನೆಲೆ

ಹನ್ನೊಂದನೆಯ ಶತಮಾನದಿಂದ ಹದಿಮೂರನೆಯ ಶತಮಾನದ ಕೊನೆಯವರೆಗೆ ಯುರೋಪಿನ ಜನಸಂಖ್ಯೆ ಏರುತ್ತಲೇ ಹೋಗಿ, 1300ರ ಹೊತ್ತಿಗೆ ಏಳೂವರೆ ಕೋಟಿಯ ಆಸುಪಾಸು ಮುಟ್ಟಿತ್ತೆಂದು ಅಂದಾಜಿದೆ. ಕಾಡು ಕಡಿದು, ಜೌಗು ಬಸಿದು, ಗುಡ್ಡದ ಇಳಿಜಾರುಗಳಲ್ಲೂ ನೇಗಿಲು ಹೂಡಿದ್ದರಿಂದ ಸಾಗುವಳಿಯ ವಿಸ್ತೀರ್ಣ ಹೆಚ್ಚಿತಾದರೂ, ಕೊನೆಕೊನೆಗೆ ಉಳುಮೆಗೆ ಸೇರಿದ ನೆಲ ಫಲವತ್ತಾದುದಾಗಿರಲಿಲ್ಲ. ಮೇವಿನ ನೆಲ ಕುಗ್ಗಿದಂತೆ ದನಕರು ಕಡಿಮೆಯಾಗಿ, ದನಕರು ಕಡಿಮೆಯಾದಂತೆ ಗೊಬ್ಬರವೂ ಕಡಿಮೆಯಾಯಿತು. ಬಿತ್ತಿದ ಒಂದು ಪಾಲಿಗೆ ನಾಲ್ಕು ಪಾಲು ಗೋಧಿ ಬಂದರೆ ಒಳ್ಳೆಯ ಬೆಳೆಯೆಂದು ಲೆಕ್ಕ. ಅದರಲ್ಲಿ ಒಂದು ಪಾಲು ಮುಂದಿನ ಬಿತ್ತನೆಗೆ ಮೀಸಲು, ಇನ್ನೊಂದಿಷ್ಟು ಚರ್ಚಿನ ದಶಾಂಶಕ್ಕೂ (ಬೆಳೆಯ ಹತ್ತನೆಯ ಒಂದು ಭಾಗ) ಒಡೆಯನ ಗೇಣಿಗೂ ಸಲ್ಲಬೇಕು. ಊಳಿಗಮಾನ್ಯ ಪದ್ಧತಿಯಲ್ಲಿ ರೈತಾಪಿ ಜನರ ದೊಡ್ಡ ಭಾಗ ಸರ್ಫರು, ಅಂದರೆ ಒಡೆಯನ ಅನುಮತಿಯಿಲ್ಲದೆ ಊರು ಬಿಡಲಾಗದ, ಅವನ ಸ್ವಂತ ಹೊಲದಲ್ಲಿ ವಾರಕ್ಕೆ ಇಂತಿಷ್ಟು ದಿನ ಬಿಟ್ಟಿ ದುಡಿಯಬೇಕಾದ, ಮಗಳ ಮದುವೆಗೂ ಕಾಣಿಕೆ ತೆರಬೇಕಾದ ಒಕ್ಕಲುಗಳು. ಹದಿಮೂರನೆಯ ಶತಮಾನದ ಕೊನೆಯಿಂದ ಹವಾಮಾನವೂ ತಂಪಿನತ್ತ ತಿರುಗಿ, ಮುಂದೆ ‘ಕಿರು ಹಿಮಯುಗ’ವೆಂದು ಹೆಸರಾದ ಕಾಲದ ಮೊದಲ ಲಕ್ಷಣಗಳು ಕಾಣಿಸಿಕೊಂಡವು.

ಮಹಾಕ್ಷಾಮ, 1315–1322

ನಮ್ಮಲ್ಲಿ ಕ್ಷಾಮವೆಂದರೆ ಮಳೆ ಕೈಕೊಟ್ಟ ವರ್ಷವೇ ನೆನಪಿಗೆ ಬರುವುದಾದರೆ, ಉತ್ತರ ಯುರೋಪಿನ ಮಹಾಕ್ಷಾಮ ಅತಿವೃಷ್ಟಿಯಿಂದ ಬಂದದ್ದು. 1315ರ ವಸಂತದಲ್ಲಿ ಹಿಡಿದ ಮಳೆ ಬೇಸಿಗೆಯಿಡೀ ಬಿಡಲಿಲ್ಲ. ತೆನೆ ಹಣ್ಣಾಗದೆ ಕೊಳೆಯಿತು, ಹುಲ್ಲು ಒಣಗದೆ ಬಣವೆ ಒಟ್ಟುವಂತಿರಲಿಲ್ಲ. ಸಮುದ್ರದ ನೀರನ್ನು ಆರಿಸಿ ಉಪ್ಪು ತೆಗೆಯುವ ಕೆಲಸವೂ ಬಿಸಿಲಿಲ್ಲದೆ ನಿಂತುಹೋದುದರಿಂದ ಮಾಂಸ ಮತ್ತು ಮೀನನ್ನು ಉಪ್ಪು ಹಾಕಿ ಕೂಡಿಡುವ ದಾರಿಯೂ ಮುಚ್ಚಿತು. ಅದೇ ವರ್ಷ ಫ್ಲಾಂಡರ್ಸಿನ ಮೇಲೆ ದಂಡೆತ್ತಿ ಹೋದ ಫ್ರಾನ್ಸಿನ ದೊರೆ ಹತ್ತನೆಯ ಲೂಯಿಯ ಸೈನ್ಯ ಕೆಸರಿನಲ್ಲಿ ಹೂತು ಹಿಂದಿರುಗಬೇಕಾಯಿತು. ಆಗಸ್ಟಿನಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ಎಡ್ವರ್ಡ್ ಸೇಂಟ್ ಆಲ್ಬನ್ಸ್ ಊರಿನಲ್ಲಿ ತಂಗಿದಾಗ ಅರಮನೆಯ ಪರಿವಾರಕ್ಕೇ ರೊಟ್ಟಿ ಸಿಗುವುದು ದುಸ್ತರವಾಗಿತ್ತು. 1316ರಲ್ಲಿ ಮಳೆ ಮರುಕಳಿಸಿದಾಗ ಹಸಿದ ಜನ ಬಿತ್ತನೆಯ ಕಾಳನ್ನೇ ತಿಂದಿದ್ದರಿಂದ, ಮುಂದೆ ಹವೆ ಸುಧಾರಿಸಿದ ಮೇಲೂ ಬಿತ್ತಲು ಬೀಜವಿರಲಿಲ್ಲ.

ಇಂಗ್ಲೆಂಡಿನಲ್ಲಿ ಗೋಧಿಯ ಬೆಲೆ ಸುಮಾರು ಮೂರು ಪಟ್ಟಾಯಿತು. ಬೆಲೆ ಕಟ್ಟಿಹಾಕಲು ಹೊರಡಿಸಿದ ಆಜ್ಞೆಗಳಿಂದ ಮಾರುಕಟ್ಟೆಗೆ ಬರುತ್ತಿದ್ದ ಸರಕೂ ಮರೆಯಾದ್ದರಿಂದ ಅವುಗಳನ್ನು ಬೇಗನೆ ಹಿಂತೆಗೆಯಲಾಯಿತು. ಬಟ್ಟೆ ನೇಯ್ಗೆಯಿಂದ ಹೆಸರಾಗಿದ್ದ ಫ್ಲಾಂಡರ್ಸಿನ ಈಪ್ರ್ ನಗರದಲ್ಲಿ 1316ರ ಮೇ ತಿಂಗಳಿಂದ ಅಕ್ಟೋಬರಿನ ನಡುವೆ ನಗರಸಭೆಯ ಖರ್ಚಿನಲ್ಲಿ ಹೂಳಿದ ಹೆಣಗಳ ಲೆಕ್ಕ ಉಳಿದುಬಂದಿದ್ದು, ಅದು ಸುಮಾರು 2,800ರಷ್ಟಾಗುತ್ತದೆ. ಆ ಊರಿನ ಹತ್ತರಲ್ಲಿ ಒಬ್ಬರು ಆರು ತಿಂಗಳಲ್ಲಿ ಸತ್ತಂತಾಯಿತು. ಕಾಳು ಹೊರಗಿನಿಂದ ತರಿಸುವ ಸಾಮರ್ಥ್ಯವಿದ್ದ ವ್ಯಾಪಾರಿಗಳ ನಗರ ಬ್ರೂಜ್‌ನಲ್ಲಿ ಸಾವಿನ ಪ್ರಮಾಣ ಇದರ ಅರ್ಧದಷ್ಟು ಮಾತ್ರ. ಮಳೆ ಎರಡೂ ಊರಿಗೆ ಒಂದೇ ಆಗಿದ್ದರೂ ಧಾನ್ಯ ಕೊಳ್ಳುವ ಶಕ್ತಿಯೂ ಹಡಗಿನ ಸಂಪರ್ಕವೂ ಒಂದೇ ಆಗಿರಲಿಲ್ಲವೆಂಬುದನ್ನು ಈ ವ್ಯತ್ಯಾಸ ತೋರಿಸುತ್ತದೆ.

ಕ್ಷಾಮದ ಬೆನ್ನಿಗೆ ದನಗಳ ಪಿಡುಗು ಬಂತು. ಇಂದಿನ ಪಶುವೈದ್ಯರು ದೊಡ್ಡರೋಗವೆಂದು ಗುರುತಿಸುವ ಬೇನೆಯೇ ಇದಾಗಿದ್ದಿರಬಹುದು. ಮಧ್ಯ ಯುರೋಪಿನ ಕಡೆಯಿಂದ ಪಶ್ಚಿಮಕ್ಕೆ ಹರಡಿ 1319ರಲ್ಲಿ ಇಂಗ್ಲೆಂಡನ್ನು ಹೊಕ್ಕ ಈ ರೋಗದಿಂದ ಅಲ್ಲಿನ ಅರ್ಧಕ್ಕಿಂತ ಹೆಚ್ಚು ದನಗಳು ಸತ್ತವು. ಉಳುವ ಎತ್ತು ಸತ್ತ ರೈತನಿಗೆ ಹೊಲ ಇದ್ದೂ ಇಲ್ಲದಂತೆ. ಹಾಲು, ಬೆಣ್ಣೆ, ಗಿಣ್ಣುಗಳು ಹಲವು ವರ್ಷ ಬಡವರ ಊಟದಿಂದ ದೂರವಾದವು. ಪ್ಲೇಗು ಬಂದಾಗ ನಡುವಯಸ್ಸಿನಲ್ಲಿದ್ದವರು ಎಳವೆಯಲ್ಲಿ ಈ ಕೊರತೆಯನ್ನು ಉಂಡವರು. ಲಂಡನ್ನಿನ ಈಸ್ಟ್ ಸ್ಮಿತ್‌ಫೀಲ್ಡ್‌ನಲ್ಲಿ ಅಗೆದು ತೆಗೆದ ಪ್ಲೇಗು ಸಮಾಧಿಗಳ ಅಸ್ಥಿಪಂಜರಗಳನ್ನು ಪರೀಕ್ಷಿಸಿದವರು, ಮೊದಲೇ ದುರ್ಬಲವಾಗಿದ್ದ ದೇಹಗಳು ರೋಗಕ್ಕೆ ಹೆಚ್ಚಾಗಿ ತುತ್ತಾದುದನ್ನು ಕಂಡಿದ್ದಾರೆ.

ಪ್ಲೇಗು, 1347–1353

ಕಪ್ಪು ಸಮುದ್ರದ ದಂಡೆಯಲ್ಲಿ ಜಿನೋವಾದ ವರ್ತಕರು ಕಟ್ಟಿಕೊಂಡಿದ್ದ ಕಾಫಾ ಎಂಬ ಕೋಟೆಪಟ್ಟಣವನ್ನು ಮಂಗೋಲ್ ಖಾನ್ ಜಾನಿಬೇಗನು ಮುತ್ತಿದ್ದಾಗ 1346ರಲ್ಲಿ ಅವನ ದಂಡಿನಲ್ಲಿ ರೋಗ ಕಾಣಿಸಿಕೊಂಡಿತು. ಹೆಣಗಳನ್ನು ಕವಣೆಯಂತ್ರದಿಂದ ಕೋಟೆಯೊಳಕ್ಕೆ ಎಸೆಯಲಾಯಿತೆಂಬ ಪ್ರಸಿದ್ಧ ಕಥೆ ಇಟಲಿಯ ಪಿಯಾಚೆಂಜಾ ಊರಿನ ಗೇಬ್ರಿಯೇಲೆ ದೆ ಮುಸ್ಸಿಯ ಬರಹದ್ದು. ಅವನು ಅದನ್ನು ಕಣ್ಣಾರೆ ಕಂಡವನಲ್ಲ. ಹೆಣಗಳ ನೆರವಿಲ್ಲದೆಯೂ ಧಾನ್ಯದ ಹಡಗುಗಳ ಇಲಿಗಳು ರೋಗವನ್ನು ಸಾಗಿಸಬಲ್ಲವಾಗಿದ್ದವು. 1347ರ ಅಕ್ಟೋಬರಿನಲ್ಲಿ ಸಿಸಿಲಿಯ ಮೆಸ್ಸಿನಾ, ಮುಂದಿನ ಕೆಲವೇ ತಿಂಗಳಲ್ಲಿ ಜಿನೋವಾ, ವೆನಿಸ್, ಮಾರ್ಸೇಯ್, 1348ರ ಬೇಸಿಗೆಯಲ್ಲಿ ಪ್ಯಾರಿಸ್ ಮತ್ತು ಇಂಗ್ಲೆಂಡಿನ ದಕ್ಷಿಣ ಕರಾವಳಿ, 1349ರಲ್ಲಿ ನಾರ್ವೆ, ಹೀಗೆ ಬಂದರಿನಿಂದ ಬಂದರಿಗೆ ದಾಟುತ್ತ ಸುತ್ತು ಹಾಕಿದ ರೋಗ 1353ರಲ್ಲಿ ಮಾಸ್ಕೋ ತಲುಪಿ ಅಲ್ಲಿನ ಮಹಾರಾಜ ಸಿಮಿಯೋನನನ್ನೂ ಬಲಿ ತೆಗೆದುಕೊಂಡಿತು.

ರೋಗಾಣು ‘ಯೆರ್ಸಿನಿಯಾ ಪೆಸ್ಟಿಸ್’ ಎಂಬ ಬ್ಯಾಕ್ಟೀರಿಯಾ. ಇದನ್ನು 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಗುರುತಿಸಿದ್ದು ಪ್ಲೇಗಿನ ಮೂರನೆಯ ಜಾಗತಿಕ ಅಲೆಯ ಸಂದರ್ಭದಲ್ಲಿ. ಅದೇ ಅಲೆ 1896ರಲ್ಲಿ ಮುಂಬಯಿಗೂ 1898ರಲ್ಲಿ ಬೆಂಗಳೂರಿಗೂ ಬಂದು, ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳಿಗೂ ಊರೂರಿನ ಪ್ಲೇಗಿನಮ್ಮನ ಗುಡಿಗಳಿಗೂ ಕಾರಣವಾಯಿತು. ಈಸ್ಟ್ ಸ್ಮಿತ್‌ಫೀಲ್ಡ್‌ನ ಹಲ್ಲುಗಳಿಂದ ತೆಗೆದ ಡಿಎನ್‌ಎ 2011ರಲ್ಲಿ ಹದಿನಾಲ್ಕನೆಯ ಶತಮಾನದ ರೋಗವೂ ಇದೇ ಎಂಬುದನ್ನು ಖಚಿತಪಡಿಸಿತು. ಕಿರ್ಗಿಸ್ತಾನದ ಇಸ್ಸಿಕ್ ಕುಲ್ ಸರೋವರದ ಬಳಿ 1338–39ರ ಸಮಾಧಿಗಳಲ್ಲಿಯೂ ಅದೇ ರೋಗಾಣು ಸಿಕ್ಕಿರುವುದಾಗಿ 2022ರಲ್ಲಿ ಪ್ರಕಟವಾದುದರಿಂದ, ರೋಗದ ಮೂಲ ಮಧ್ಯ ಏಷ್ಯಾದ ಕಡೆಗಿರಬೇಕೆಂಬ ವಾದಕ್ಕೆ ಬಲ ಬಂದಿದೆ. ಇಲಿಯ ಮೈಮೇಲಿನ ಚಿಗಟ ಮನುಷ್ಯನನ್ನು ಕಚ್ಚಿದಾಗ ತೊಡೆಸಂದು, ಕಂಕುಳು ಅಥವಾ ಕುತ್ತಿಗೆಯಲ್ಲಿ ಗಡ್ಡೆ ಎದ್ದು, ಚಿಕಿತ್ಸೆಯಿಲ್ಲದ ಕಾಲದಲ್ಲಿ ಅರ್ಧಕ್ಕಿಂತ ಹೆಚ್ಚು ರೋಗಿಗಳು ವಾರದೊಳಗೆ ಸಾಯುತ್ತಿದ್ದರು. ಶ್ವಾಸಕೋಶಕ್ಕೆ ತಗುಲಿದ ಬಗೆ ಕೆಮ್ಮಿನ ಹನಿಗಳಿಂದ ನೇರವಾಗಿ ಹರಡುತ್ತಿದ್ದು, ಅದರಲ್ಲಿ ಬದುಕಿದವರೇ ಇಲ್ಲವೆನ್ನಬಹುದು. ಅಷ್ಟು ವೇಗದ ಹರಡುವಿಕೆಗೆ ಇಲಿಯ ಚಿಗಟವೊಂದೇ ಸಾಕೇ, ಮನುಷ್ಯರ ಮೈಮೇಲಿನ ಚಿಗಟ, ಹೇನುಗಳೂ ಸೇರಿದ್ದವೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಸಾವಿನ ಪ್ರಮಾಣವನ್ನು ಯುರೋಪಿನ ಒಟ್ಟು ಜನಸಂಖ್ಯೆಯ ಮೂರನೆಯ ಒಂದರಿಂದ ಅರ್ಧದವರೆಗೆ ಬೇರೆಬೇರೆ ಇತಿಹಾಸಕಾರರು ಎಣಿಸುತ್ತಾರೆ. ಇಂಥ ಸರಾಸರಿಗಿಂತ ಒಂದು ಊರಿನ ಲೆಕ್ಕ ಹೆಚ್ಚು ಹೇಳುತ್ತದೆ. ಫ್ರಾನ್ಸಿನ ಬರ್ಗಂಡಿ ಸೀಮೆಯ ಝಿವ್ರಿ ಎಂಬ ಸಣ್ಣ ಊರಿನ ಚರ್ಚಿನಲ್ಲಿ ಶವಸಂಸ್ಕಾರದ ಶುಲ್ಕ ಬರೆದಿಡುತ್ತಿದ್ದ ಪುಸ್ತಕ ಉಳಿದುಬಂದಿದೆ. ಪ್ಲೇಗಿಗೆ ಮುಂಚೆ ಅದರಲ್ಲಿ ವರ್ಷಕ್ಕೆ ಮೂವತ್ತರ ಸುಮಾರಿನ ಸಾವುಗಳಿದ್ದರೆ, 1348ರ ಆಗಸ್ಟಿನಿಂದ ನವೆಂಬರ್ ನಡುವಣ ನಾಲ್ಕು ತಿಂಗಳೊಳಗೆ 615 ಹೆಸರುಗಳಿವೆ. ಆ ವರ್ಷ ಅಲ್ಲಿ ಮದುವೆಗಳೇ ದಾಖಲಾಗಿಲ್ಲ. ಮರುವರ್ಷ ಮದುವೆಗಳ ಸಾಲೇ ಇದೆ. ಐರ್ಲೆಂಡಿನ ಕಿಲ್ಕೆನಿಯಲ್ಲಿ ಜಾನ್ ಕ್ಲಿನ್ ಎಂಬ ಫ್ರಾನ್ಸಿಸ್ಕನ್ ಸಂನ್ಯಾಸಿ ತನ್ನ ಬಖೈರಿನ ಕೊನೆಯಲ್ಲಿ, ಆದಮನ ಸಂತತಿಯಲ್ಲಿ ಯಾರಾದರೂ ಉಳಿದರೆ ಮುಂದುವರಿಸಲಿ ಎಂದು ಖಾಲಿ ಚರ್ಮಪತ್ರ ಬಿಟ್ಟ. ಅಲ್ಲಿಗೇ ಲೇಖಕ ತೀರಿಕೊಂಡಂತೆ ಕಾಣುತ್ತದೆಂದು ಬೇರೊಂದು ಕೈಬರಹ ಮುಂದೆ ಸೇರಿಸಿದೆ. ಇಂಗ್ಲೆಂಡಿನ ಅತ್ಯುನ್ನತ ಧರ್ಮಪೀಠವಾದ ಕ್ಯಾಂಟರ್ಬರಿಯಲ್ಲಿ ಒಂದೇ ವರ್ಷದ ಅಂತರದಲ್ಲಿ ಮೂವರು ಆರ್ಚ್‌ಬಿಷಪ್ಪರು ತೀರಿಹೋದರು. ಪಾದ್ರಿಗಳ ಕೊರತೆ ಎಷ್ಟಿತ್ತೆಂದರೆ, 1349ರ ಜನವರಿಯಲ್ಲಿ ಬಾತ್ ಮತ್ತು ವೆಲ್ಸ್‌ನ ಬಿಷಪ್ ಸಾಯುವವರು ಪಾಪನಿವೇದನೆಯನ್ನು ಯಾವ ಗೃಹಸ್ಥನಿಗಾದರೂ, ಗಂಡಸು ಸಿಗದಿದ್ದರೆ ಹೆಂಗಸಿಗಾದರೂ ಮಾಡಬಹುದೆಂದು ಅಪ್ಪಣೆ ಕೊಟ್ಟ.

ವೈದ್ಯಶಾಸ್ತ್ರದ ಬಳಿ ಉತ್ತರವಿರಲಿಲ್ಲ. ಪ್ಯಾರಿಸ್ ವಿಶ್ವವಿದ್ಯಾಲಯದ ವೈದ್ಯಪಂಡಿತರು 1348ರಲ್ಲಿ ದೊರೆಗೆ ಒಪ್ಪಿಸಿದ ವರದಿಯಲ್ಲಿ, 1345ರ ಮಾರ್ಚಿನಲ್ಲಿ ಕುಂಭರಾಶಿಯಲ್ಲಾದ ಶನಿ, ಗುರು, ಕುಜರ ಯುತಿಯಿಂದ ಗಾಳಿ ಕೆಟ್ಟಿದೆ ಎಂದರು. ಪೋಪರು ಆಗ ನೆಲೆಸಿದ್ದ ಅವಿನ್ಯೋನಿನಲ್ಲಿ ವೈದ್ಯ ಗಿ ದ ಶೋಲಿಯಾಕ್ ಆರನೆಯ ಕ್ಲೆಮೆಂಟ್ ಪೋಪನನ್ನು ಎರಡು ಬೆಂಕಿಗಳ ನಡುವೆ ಕೂರಿಸಿದ. ತತ್ತ್ವ ತಪ್ಪಾದರೂ, ಜನರಿಂದ ದೂರವಿದ್ದ ಪೋಪ್ ಉಳಿದ. ಶೋಲಿಯಾಕ್ ತಾನೇ ರೋಗಕ್ಕೆ ಬಿದ್ದು ಚೇತರಿಸಿಕೊಂಡು, ಗಡ್ಡೆಯ ಬಗೆ ಮತ್ತು ರಕ್ತ ಕೆಮ್ಮುವ ಬಗೆಗಳನ್ನು ಬೇರ್ಪಡಿಸಿ ಬರೆದಿಟ್ಟ. ಆಡಳಿತದ ಕಡೆಯಿಂದ ಬಂದ ಪರಿಹಾರ ಹೆಚ್ಚು ಬಾಳಿಕೆಯದು: ಏಡ್ರಿಯಾಟಿಕ್ ತೀರದ ರಗೂಸಾ ನಗರ 1377ರಲ್ಲಿ ರೋಗವಿರುವ ಕಡೆಯಿಂದ ಬಂದವರನ್ನು 30 ದಿನ ಊರ ಹೊರಗೆ ನಿಲ್ಲಿಸುವ ಕಟ್ಟಳೆ ತಂದಿತು, ವೆನಿಸ್ 1423ರಲ್ಲಿ ದ್ವೀಪವೊಂದರಲ್ಲಿ ಪ್ಲೇಗು ಆಸ್ಪತ್ರೆ ತೆರೆಯಿತು, ತಡೆಯ ಅವಧಿ ಮುಂದೆ 40 ದಿನಕ್ಕೆ ಏರಿತು.

ಭಯಕ್ಕೆ ಬಲಿಯಾದವರಲ್ಲಿ ಯೆಹೂದಿಗಳು ಮೊದಲಿಗರು. ಅವರು ಬಾವಿಗಳಿಗೆ ವಿಷ ಹಾಕಿದರೆಂಬ ಸುದ್ದಿಗೆ 1348ರಲ್ಲಿ ಸವಾಯ್ ಸೀಮೆಯಲ್ಲಿ ಚಿತ್ರಹಿಂಸೆಯಿಂದ ಪಡೆದ ‘ತಪ್ಪೊಪ್ಪಿಗೆ’ಗಳು ಆಧಾರವಾದವು. ರೋಗದಿಂದ ಯೆಹೂದಿಗಳೂ ಸಾಯುತ್ತಿದ್ದಾರೆ, ಅವರಿಲ್ಲದ ಊರಿನಲ್ಲೂ ರೋಗವಿದೆ ಎಂದು ಪೋಪ್ ಕ್ಲೆಮೆಂಟ್ ಸ್ಪಷ್ಟವಾಗಿ ಸಾರಿದರೂ ರೈನ್ ನದಿಯ ಪಟ್ಟಣಗಳು ಕಿವಿಗೊಡಲಿಲ್ಲ. ಸ್ಟ್ರಾಸ್‌ಬರ್ಗ್‌ನಲ್ಲಿ ಯೆಹೂದಿಗಳನ್ನು ಕಾಯಲು ನಿಂತ ನಗರಸಭೆಯನ್ನೇ ಕಸುಬಿನ ಸಂಘಗಳು ಉರುಳಿಸಿ, 1349ರ ಫೆಬ್ರುವರಿ 14ರಂದು ನೂರಾರು ಮಂದಿಯನ್ನು ಅವರದೇ ಸ್ಮಶಾನದಲ್ಲಿ ಸುಟ್ಟವು. ಆಗಿನ್ನೂ ಆ ಊರಿಗೆ ಪ್ಲೇಗು ಬಂದೇ ಇರಲಿಲ್ಲ. ಸಾಲಪತ್ರಗಳು ರದ್ದಾದವು, ನಗದು ಹಂಚಿಹೋಯಿತು. ರೋಗಭಯವೊಂದೇ ಇಲ್ಲಿ ಕೆಲಸ ಮಾಡಲಿಲ್ಲವೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ. ಬದುಕುಳಿದ ಹಲವರು ಪೂರ್ವಕ್ಕೆ, ಪೋಲೆಂಡಿನತ್ತ ಸರಿದರು. ಇದೇ ಕಾಲದಲ್ಲಿ ಬಾರುಕೋಲಿನಿಂದ ತಮ್ಮನ್ನೇ ಹೊಡೆದುಕೊಳ್ಳುತ್ತ ಊರೂರು ಸುತ್ತಿದ ಪ್ರಾಯಶ್ಚಿತ್ತಿಗಳ ಮೇಳಗಳನ್ನು ಪೋಪ್ 1349ರ ಅಕ್ಟೋಬರಿನಲ್ಲಿ ನಿಷೇಧಿಸಿದ.

ರೋಗ ಒಮ್ಮೆ ಬಂದು ಹೋದುದಲ್ಲ. 1361ರಲ್ಲಿ ಮರಳಿದಾಗ ಮೊದಲ ಅಲೆಯ ನಂತರ ಹುಟ್ಟಿದ ಮಕ್ಕಳೇ ಹೆಚ್ಚಾಗಿ ಸತ್ತರು. ಆಮೇಲೂ ಹತ್ತು ಹದಿನೈದು ವರ್ಷಕ್ಕೊಮ್ಮೆ ಮರುಕಳಿಸುತ್ತಿದ್ದುದರಿಂದ ಜನಸಂಖ್ಯೆ ತಲೆಯೆತ್ತುವ ಮೊದಲೇ ಮತ್ತೆ ಬಗ್ಗುತ್ತಿತ್ತು.

ನೂರು ವರ್ಷಗಳ ಯುದ್ಧ, 1337–1453

ಇಂಗ್ಲೆಂಡಿನ ದೊರೆಗಳು ಫ್ರಾನ್ಸಿನ ನೈಋತ್ಯದ ಗ್ಯಾಸ್ಕನಿಯನ್ನು ಫ್ರೆಂಚ್ ದೊರೆಯ ಸಾಮಂತರಾಗಿ ಆಳುತ್ತಿದ್ದರು. ಒಬ್ಬ ದೊರೆ ಇನ್ನೊಬ್ಬ ದೊರೆಗೆ ಮಂಡಿಯೂರಬೇಕಾದ ಈ ಏರ್ಪಾಡು ಎಂದೂ ಹಿತವಾಗಿರಲಿಲ್ಲ. 1337ರಲ್ಲಿ ಫ್ರಾನ್ಸಿನ ದೊರೆ ಆರನೆಯ ಫಿಲಿಪ್ ಆ ಸೀಮೆಯನ್ನು ಮುಟ್ಟುಗೋಲು ಹಾಕಿಕೊಂಡಾಗ, ತಾಯಿಯ ಕಡೆಯಿಂದ ಫ್ರಾನ್ಸಿನ ಸಿಂಹಾಸನ ತನಗೇ ಸಲ್ಲಬೇಕೆಂದು ಇಂಗ್ಲೆಂಡಿನ ದೊರೆ ಮೂರನೆಯ ಎಡ್ವರ್ಡ್ ವಾದ ಹೂಡಿದ. ಸ್ಲಾಯ್ಸ್ ನೌಕಾಕದನ (1340), ಕ್ರೆಸಿ (1346), ಫ್ರಾನ್ಸಿನ ದೊರೆ ಎರಡನೆಯ ಜಾನ್ ಸೆರೆಸಿಕ್ಕ ಪ್ವಾತಿಯೆ (1356), ಅಜೆನ್‌ಕೂರ್ (1415) ಇವುಗಳಲ್ಲಿ ಇಂಗ್ಲಿಷರ ನೀಳಬಿಲ್ಲುಗಾರರು ಫ್ರಾನ್ಸಿನ ಸೈನ್ಯವನ್ನು ಮುರಿದ ಕಥೆ ಪಠ್ಯಪುಸ್ತಕಗಳಿಂದ ಪರಿಚಿತವಾದದ್ದೇ. ಹಳ್ಳಿಗರ ಅನುಭವದಲ್ಲಿ ಮಾತ್ರ ಯುದ್ಧವೆಂದರೆ ಕದನವಲ್ಲ, ‘ಶೆವೊಶೇ’: ಶತ್ರುರಾಜ್ಯದೊಳಗೆ ಸೈನ್ಯವನ್ನು ಅಗಲವಾಗಿ ಹರಡಿ, ದಾರಿಯುದ್ದಕ್ಕೂ ಕಣಜ, ಗಿರಣಿ, ದ್ರಾಕ್ಷಿತೋಟ, ಹಳ್ಳಿಗಳನ್ನು ಸುಡುತ್ತ ಸಾಗುವ ಲೂಟಿದಂಡು. 1355ರಲ್ಲಿ ಎಡ್ವರ್ಡನ ಮಗ, ಕಪ್ಪು ರಾಜಕುಮಾರನೆಂದು ಹೆಸರಾದವನು, ಬೋರ್ದೋದಿಂದ ಮೆಡಿಟರೇನಿಯನ್ ಬಳಿಯ ನಾರ್ಬೊನ್‌ವರೆಗೆ ಹೋಗಿಬಂದ ಎರಡು ತಿಂಗಳ ದಂಡಯಾತ್ರೆಯಲ್ಲಿ ಒಂದೂ ದೊಡ್ಡ ಕದನವಿಲ್ಲ. ಶತ್ರುವಿನ ತೆರಿಗೆ ಹುಟ್ಟುವ ನೆಲವನ್ನೇ ಬರಿದು ಮಾಡುವುದು ಉದ್ದೇಶವಾಗಿತ್ತು.

ಶಾಂತಿ ಇನ್ನೂ ಕೆಟ್ಟದಾಗಿತ್ತು. ಸಂಬಳಕ್ಕೆ ಬಂದ ಸೈನಿಕರನ್ನು ಕದನವಿರಾಮವಾದೊಡನೆ ಕೈಬಿಡುತ್ತಿದ್ದುದರಿಂದ ಅವರು ತಂಡ ಕಟ್ಟಿಕೊಂಡು, ಕೋಟೆ ಹಿಡಿದು, ಸುತ್ತಲ ಹಳ್ಳಿಗಳಿಂದ ‘ರಕ್ಷಣೆ’ಯ ಹಣ ಕೀಳುತ್ತಿದ್ದರು. 1360ರ ಬ್ರೆತಿಞಿ ಒಪ್ಪಂದದ ನಂತರ ಈ ‘ಮಹಾ ತಂಡ’ಗಳು ರೋನ್ ಕಣಿವೆಗಿಳಿದು ಪೋಪನಿಂದಲೇ ಹಣ ವಸೂಲಿ ಮಾಡಿದವು, 1362ರಲ್ಲಿ ಬ್ರಿಞೆ ಎಂಬಲ್ಲಿ ಅವುಗಳನ್ನು ಅಡಗಿಸಲು ಬಂದ ರಾಜಸೈನ್ಯವನ್ನೇ ಸೋಲಿಸಿದವು. ಪ್ಯಾರಿಸಿನ ಕಾರ್ಮೆಲೈಟ್ ಸಂನ್ಯಾಸಿ ಜಾನ್ ದ ವೆನೆಟ್ ಬರೆದಿಟ್ಟಂತೆ, ಹಳ್ಳಿಗರು ಚರ್ಚುಗಳಿಗೇ ಕಂದಕ ತೋಡಿ, ಗೋಪುರದ ಮೇಲೆ ಹುಡುಗರನ್ನು ಕಾವಲಿಗಿಟ್ಟು, ಅವರು ಗಂಟೆ ಬಾರಿಸಿದೊಡನೆ ಹೊಲ ಬಿಟ್ಟು ಓಡಿಬರುತ್ತಿದ್ದರು. ಲ್ವಾರ್ ನದಿಯ ದಡದವರು ದನಕರುಗಳೊಂದಿಗೆ ನಡುಗಡ್ಡೆಗಳಲ್ಲಿ ರಾತ್ರಿ ಕಳೆಯುತ್ತಿದ್ದರು. ಹೀಗೆ ಪಾಳುಬಿದ್ದ ಹೊಲದಿಂದ ಹಸಿವು, ಹಸಿದವರು ಗೋಡೆಯೊಳಗಿನ ಪಟ್ಟಣಗಳಲ್ಲಿ ಕಿಕ್ಕಿರಿದಾಗ ರೋಗ. 1430ರ ದಶಕದ ಕೊನೆಯಲ್ಲಿ ಯುದ್ಧ, ಕ್ಷಾಮ, ಪ್ಲೇಗು ಮೂರೂ ಒಟ್ಟಿಗೆ ಬಡಿದಾಗ ಪ್ಯಾರಿಸ್ ನಗರದೊಳಗೆ ತೋಳಗಳು ನುಗ್ಗಿದುದನ್ನು ಅಲ್ಲಿನ ಅನಾಮಧೇಯ ದಿನಚರಿಕಾರನೊಬ್ಬ ದಾಖಲಿಸಿದ್ದಾನೆ.

ಪ್ಲೇಗು ಯುದ್ಧವನ್ನು ನಿಲ್ಲಿಸಿದ್ದು ಅಲ್ಪಕಾಲ ಮಾತ್ರ. ಕ್ಯಾಲೆ ಪಟ್ಟಣ ಬಿದ್ದ 1347ರ ಕದನವಿರಾಮ ಮಹಾಮಾರಿಯಿಂದಾಗಿ ಮುಂದುವರಿಯಿತಾದರೂ 1355ರ ಹೊತ್ತಿಗೆ ಸೈನ್ಯಗಳು ಮತ್ತೆ ಹೊರಟಿದ್ದವು. ಎಣಿಕೆಯಲ್ಲಿ ಕುಗ್ಗಿದ ಜನರಿಂದ ಮೊದಲಿನಷ್ಟೇ, ಕೆಲವೊಮ್ಮೆ ಅದಕ್ಕೂ ಹೆಚ್ಚಿನ ಹಣ ಎತ್ತಬೇಕಾಯಿತು. ಸೆರೆಸಿಕ್ಕ ಜಾನ್ ದೊರೆಯ ಬಿಡುಗಡೆಗೆ ಗೊತ್ತಾದ 30 ಲಕ್ಷ ಚಿನ್ನದ ಎಕ್ಯೂ ನಾಣ್ಯಗಳಿಗಾಗಿ ಉಪ್ಪಿನ ಮೇಲೆ, ಮಾರಾಟದ ಮೇಲೆ, ಆಮೇಲೆ ಒಲೆ ಹೊತ್ತುವ ಪ್ರತಿ ಮನೆಯ ಮೇಲೆ ತೆರಿಗೆ ಬಿತ್ತು.

ದಂಗೆಗಳು ಮತ್ತು ಕೂಲಿಯ ಪ್ರಶ್ನೆ

ಸೆರೆಯಲ್ಲಿದ್ದ ದೊರೆ, ಸೋತು ಬಂದ ಸರದಾರರು, ಕಾಪಾಡದವರಿಗೂ ಕೊಡಬೇಕಾದ ತೆರಿಗೆ ಇವೆಲ್ಲ ಸೇರಿ 1358ರ ಮೇ ತಿಂಗಳಲ್ಲಿ ಪ್ಯಾರಿಸಿನ ಉತ್ತರದ ಹಳ್ಳಿಗಳಲ್ಲಿ ‘ಜಾಕ್ರಿ’ ಎಂಬ ರೈತದಂಗೆ ಭುಗಿಲೆದ್ದಿತು. ಗಿಯೋಮ್ ಕಾಲ್ ಎಂಬವನ ಮುಂದಾಳುತನದ ದಂಗೆಯನ್ನು ಎರಡೇ ವಾರಗಳಲ್ಲಿ ಅತ್ಯಂತ ಕ್ರೂರವಾಗಿ ತುಳಿಯಲಾಯಿತು.

ಇಂಗ್ಲೆಂಡಿನ ಜಗಳ ಬೇರೆ ಬಗೆಯದು. ಕೈಗಳು ಕಡಿಮೆಯಾದಾಗ ಕೂಲಿ ಏರುವುದು ಸಹಜ; ಅದನ್ನು ತಡೆಯಲು 1349ರಲ್ಲಿ ರಾಜಾಜ್ಞೆಯೂ 1351ರಲ್ಲಿ ಪಾರ್ಲಿಮೆಂಟಿನ ಶಾಸನವೂ ಬಂದು, ಕೂಲಿ ಪ್ಲೇಗಿಗೆ ಮುಂಚಿನ ಮಟ್ಟ ಮೀರಬಾರದೆಂದವು. ಆಗಸ್ಟಿನ ಮೊದಲ ವಾರ ಕೊಯ್ಲಿನಾಳಿಗೆ ದಿನಕ್ಕೆ 2 ಪೆನ್ನಿ, ಎರಡನೆಯ ವಾರದಿಂದ 3 ಪೆನ್ನಿ, ಹುಲ್ಲು ಕೊಯ್ಯುವವನಿಗೆ 5 ಪೆನ್ನಿ, ಊಟವಿಲ್ಲ. ಒಪ್ಪದವರ ಕಾಲಿಗೆ ತೊಡಿಸಲು ಊರೂರಲ್ಲೂ ಕೋಳದ ಮರ ಮಾಡಿಸಬೇಕು ಎಂಬಷ್ಟು ವಿವರ ಅದರಲ್ಲಿದೆ. ಶಾಸನವನ್ನು ಮುರಿದವರಲ್ಲಿ ಒಡೆಯರೂ ಇದ್ದರು. ಬೆಳೆ ಹೊಲದಲ್ಲಿ ಉದುರುತ್ತಿರುವಾಗ ಪಕ್ಕದವನಿಗಿಂತ ಒಂದು ಪೆನ್ನಿ ಹೆಚ್ಚು ಕೊಟ್ಟಾದರೂ ಆಳು ಹಿಡಿಯುವುದು ಅವರಿಗೂ ಅನಿವಾರ್ಯವಾಗಿತ್ತು. ಉಳುವವರು, ಕುರುಬರು ಒರಟು ಉಣ್ಣೆಯನ್ನಷ್ಟೇ ಉಡಬೇಕೆಂದು 1363ರಲ್ಲಿ ಮಾಡಿದ ಉಡುಪಿನ ಕಾನೂನು ಬೇಗನೆ ರದ್ದಾದರೂ, ಆಳುಗಳು ಒಳ್ಳೆಯ ಬಟ್ಟೆ ತೊಡುವಂತಾಗಿದ್ದರು ಎಂಬುದಕ್ಕೆ ಸಾಕ್ಷಿಯಾಗಿ ನಿಂತಿದೆ. ಈ ಅಸಮಾಧಾನದ ಮೇಲೆ ಯುದ್ಧವೆಚ್ಚಕ್ಕಾಗಿ 1377ರಿಂದ ನಾಲ್ಕು ವರ್ಷದೊಳಗೆ ಮೂರು ಬಾರಿ ತಲೆಗಂದಾಯ ಹೇರಲಾಯಿತು. ಮೂರನೆಯದು ಹದಿನೈದು ದಾಟಿದ ಪ್ರತಿಯೊಬ್ಬರಿಗೂ 12 ಪೆನ್ನಿ. 1381ರ ಜೂನಿನಲ್ಲಿ ಕೆಂಟ್ ಮತ್ತು ಎಸೆಕ್ಸ್ ಸೀಮೆಗಳ ಜನ ವಾಟ್ ಟೈಲರನ ಮುಂದಾಳುತನದಲ್ಲಿ ಲಂಡನ್ ಹೊಕ್ಕು, ಆರ್ಚ್‌ಬಿಷಪ್ಪನೂ ಚಾನ್ಸಲರನೂ ಆಗಿದ್ದ ಸೈಮನ್ ಸಡ್ಬರಿಯ ತಲೆ ಕಡಿದರು. ಹದಿನಾಲ್ಕು ವರ್ಷದ ದೊರೆ ಎರಡನೆಯ ರಿಚರ್ಡ್ ಜೀತ ರದ್ದುಮಾಡುವುದಾಗಿ ಕೊಟ್ಟ ಮಾತನ್ನು, ಟೈಲರ್ ಹತನಾಗಿ ಜನ ಚದುರಿದ ಮೇಲೆ ಹಿಂತೆಗೆದುಕೊಂಡ. ತಲೆಗಂದಾಯ ಮಾತ್ರ ಅಂಥ ರೂಪದಲ್ಲಿ ಮತ್ತೆ ಬೇಗ ಬರಲಿಲ್ಲ.

ಪರಿಣಾಮ ಮತ್ತು ವಿವಾದ

ಇಂಗ್ಲೆಂಡಿನಲ್ಲಿ ಸರ್ಫ್ ಪದ್ಧತಿ ಯಾವ ಕಾನೂನೂ ಇಲ್ಲದೆ, ಓಡಿಹೋದ ಒಕ್ಕಲುಗಳಿಂದಲೂ ಬಿಟ್ಟಿಯ ಬದಲು ಹಣದ ಗೇಣಿ ಒಪ್ಪಿದ ಒಡೆಯರಿಂದಲೂ ಕರಗಿಹೋಯಿತು. ಕಾಳಿನ ಹೊಲಗಳು ಕುರಿಗಳ ಹುಲ್ಲುಗಾವಲಾಗಿ ಯಾರ್ಕ್‌ಷೈರಿನ ವಾರಮ್ ಪರ್ಸಿಯಂಥ ಹಳ್ಳಿಗಳು ಕ್ರಮೇಣ ಬರಿದಾದವು. ಕ್ಯಾಟಲೋನಿಯಾದಲ್ಲಿ ಒಕ್ಕಲುಗಳು ದಶಕಗಳ ಕಾಲ ಬಂಡೆದ್ದು 1486ರಲ್ಲಿ ದೊರೆ ಫರ್ಡಿನಾಂಡನ ತೀರ್ಪಿನಿಂದ ಬಿಡುಗಡೆ ಪಡೆದರು. ಎಲ್ಬೆ ನದಿಯ ಪೂರ್ವಕ್ಕೆ ಅದೇ ಕಾಲದಲ್ಲಿ ತದ್ವಿರುದ್ಧವಾದುದು ನಡೆಯಿತು. ಪೋಲೆಂಡಿನಲ್ಲಿ 1520ರ ಶಾಸನ ವಾರಕ್ಕೆ ಕನಿಷ್ಠ ಒಂದು ದಿನದ ಬಿಟ್ಟಿಯನ್ನು ಕಡ್ಡಾಯಗೊಳಿಸಿತು, ಮುಂದೆ ಅದು ಇನ್ನೂ ಬಿಗಿಯಾಯಿತು. ಆದ್ದರಿಂದ ಜನ ಹೆಚ್ಚಾಗಿ ನೆಲ ಸಾಲದಾದುದೇ ಎಲ್ಲಕ್ಕೂ ಮೂಲವೆಂಬ ಇತಿಹಾಸಕಾರ ಮೈಕೇಲ್ ಪೋಸ್ಟನ್ ಅವರ ವಿವರಣೆ ಬಿಕ್ಕಟ್ಟಿನ ಆರಂಭಕ್ಕೆ ಒಪ್ಪುವಷ್ಟು ಅದರ ಫಲಿತಾಂಶಕ್ಕೆ ಒಪ್ಪುವುದಿಲ್ಲ. ಒಡೆಯ ಮತ್ತು ಒಕ್ಕಲಿನ ನಡುವಣ ಬಲಾಬಲವೇ ನಿರ್ಣಾಯಕವೆಂದು 1976ರಲ್ಲಿ ರಾಬರ್ಟ್ ಬ್ರೆನರ್ ಹೂಡಿದ ವಾದ ಪೂರ್ವ, ಪಶ್ಚಿಮಗಳ ಈ ಭೇದವನ್ನು ಚೆನ್ನಾಗಿ ಬಿಡಿಸಿದರೂ ಮಳೆ ಮತ್ತು ರೋಗಾಣುವಿಗೆ ಕೊಡಬೇಕಾದ ಸ್ಥಾನ ಕೊಡುವುದಿಲ್ಲ. ಮರದ ಉಂಗುರಗಳಿಂದಲೂ ಪ್ರಾಚೀನ ಡಿಎನ್‌ಎಯಿಂದಲೂ ಬಂದ ಇತ್ತೀಚಿನ ತಿಳಿವಳಿಕೆ ಆ ಕೊರತೆಯನ್ನು ತುಂಬುತ್ತಿದೆ.

ಫ್ರಾನ್ಸಿಗೆ ಯುದ್ಧ ಬಿಟ್ಟುಹೋದುದು ಬಲಿಷ್ಠ ರಾಜ್ಯಯಂತ್ರವನ್ನು. ಬರ್ಗಂಡಿಯೊಂದಿಗಾದ 1435ರ ಆರಾಸ್ ಒಪ್ಪಂದದ ನಂತರ ಕೆಲಸ ಕಳೆದುಕೊಂಡು ದೇಶ ಸುಲಿಯುತ್ತಿದ್ದ, ಜನ ‘ಚರ್ಮ ಸುಲಿಯುವವರು’ ಎಂದೇ ಕರೆಯುತ್ತಿದ್ದ ದಂಡುಗಳನ್ನು ಅಡಗಿಸಲು ಏಳನೆಯ ಚಾರ್ಲ್ಸ್ ದೊರೆ ಸೈನ್ಯ ಇಡುವ ಹಕ್ಕನ್ನು 1439ರಲ್ಲಿ ತನಗೊಬ್ಬನಿಗೇ ಕಾದಿರಿಸಿಕೊಂಡು, 1445ರಲ್ಲಿ ಅವರೊಳಗಿನ ಉತ್ತಮರನ್ನೇ ಆರಿಸಿ ಕಾಯಂ ಅಶ್ವದಳ ಕಟ್ಟಿದ. ಈ ಸೈನ್ಯದ ಜೊತೆಗೆ ಸೇರಿದ ಫಿರಂಗಿಗಳೇ 1453ರ ಜುಲೈ 17ರಂದು ಕಾಸ್ತಿಲಾನಿನಲ್ಲಿ ಇಂಗ್ಲಿಷರನ್ನು ಸೋಲಿಸಿದವು. ಕ್ಯಾಲೆಯೊಂದು 1558ರವರೆಗೆ ಅವರ ಕೈಯಲ್ಲಿ ಉಳಿಯಿತು. ಸೈನ್ಯದ ಖರ್ಚಿಗೆಂದು ವರ್ಷವರ್ಷವೂ ಎತ್ತತೊಡಗಿದ ‘ತಾಯ್’ ಎಂಬ ಕಂದಾಯವನ್ನು ಯುದ್ಧ ಮುಗಿದ ಮೇಲೂ ನಿಲ್ಲಿಸಲಿಲ್ಲ. ಸರದಾರರಿಗೂ ಪಾದ್ರಿಗಳಿಗೂ ವಿನಾಯಿತಿ ಕೊಟ್ಟು ಮುಖ್ಯವಾಗಿ ರೈತರ ಮೇಲೆಯೇ ಬಿದ್ದ ಅದು 1789ರ ಮಹಾಕ್ರಾಂತಿಯವರೆಗೂ ಜಾರಿಯಲ್ಲಿತ್ತು.